ಪಠ್ಯಪುಸ್ತಕ ಸ್ವಾಮ್ಯ ಮೀಮಾಂಸೆ: ಕಮಠಾಣ ಸೀಮೆಯನ್ನು ಅನುಲಕ್ಷಿಸಿ

ಸಾಲಿಗೆ ಹೋಗುವ ಪ್ರತಿಯೊಂದು ಮಗುವಿಗೂ ಪ್ರತಿಯೊಂದು ವಿಷಯಕ್ಕೂ ತನ್ನದೇ ಪಠ್ಯಪುಸ್ತಕ ಇರಬೇಕೋ ಬೇಡವೋ ಎಂಬ ಜಿಜ್ಞಾಸೆಯನ್ನು ವಿದ್ವಾಂಸರು ಇದುವರೆಗೆ ಕಡೆಗಣಿಸಿದ್ದಾರೆ. ಕಾರಣ ಸ್ಪಷ್ಟ: ವಿದ್ವಾಂಸರ ಮಕ್ಕಳಿಗೆಲ್ಲ ಪುಸ್ತಕಗಳಿವೆ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಬೀದರ ತಾಲೂಕಿನ ಕಮಠಾಣ ಮತ್ತು ಅಲ್ಲಿಂದ ಟಂಟಂ ಹೋಗುವಷ್ಟು ದೂರ. ಭಾಲ್ಕಿ, ಔರಾದಗಳನ್ನು ಅವಶ್ಯ ಬಿದ್ದಲ್ಲಿ ಮಾತ್ರ ಮುಟ್ಟಲಾಗಿದೆ. ಅಧ್ಯಯನದ ಮಿತಿ: ಸಂಶೋಧಕರಿಗೆ ಬಿಸಿಲು ಆಗಿಬರುವುದಿಲ್ಲ.

ಬೀದರಿನ ಬಗ್ಗೆ ಬರೆಯುವ ಯಾವುದೇ ಪ್ರಬಂಧ ಮಹಮೂದ್ ಗವಾನನ ಮದರಸಾದಿಂದ ಶುರುವಾಗಬೇಕೆಂಬುದು ನಿಯಮ. ನಾವೂ ಮುರಿಯುವುದಿಲ್ಲ. 1472ರ ಸುಮಾರಿಗೆ ಎದ್ದ ಈ ವಿದ್ಯಾಲಯದ ಗ್ರಂಥಭಂಡಾರದಲ್ಲಿ 3000 ಹಸ್ತಪ್ರತಿಗಳಿದ್ದವೆಂದು ಹೇಳಿಕೆ. ‘ಇನ್ನೂ ಅಚ್ಚಾಗಿ ಬಂದಿಲ್ಲ’ ಎಂಬ ನೆಪ ಆಗ ಯಾರಿಗೂ ಸಿಗುತ್ತಿರಲಿಲ್ಲ, ಏಕೆಂದರೆ ಈ ಕಡೆ ಅಚ್ಚೇ ಇರಲಿಲ್ಲ. ಮುಂದೆ 17ನೆಯ ಶತಮಾನದ ಕೊನೆಗೆ, ಮೊಗಲರ ಕಾಲದಲ್ಲಿ, ಒಳಗೆ ಮದ್ದು ತುಂಬಿಟ್ಟು ಅದು ಸಿಡಿದು ಕಟ್ಟಡದ ಒಂದು ಪಾಲೇ ಹಾರಿಹೋಯಿತು. ಪುಸ್ತಕವಿರಬೇಕಾದ ಜಾಗದಲ್ಲಿ ಇನ್ನೇನನ್ನೋ ತುಂಬಿಡುವ ಪರಂಪರೆ ಹೀಗೆ ಬಹಳ ಹಳೆಯದು. ಇಂದಿನ ಸಾಲಿಗಳ ಗ್ರಂಥಾಲಯದ ಕಪಾಟಿನಲ್ಲಿ ತೊಗರಿಬೇಳೆಯ ಚೀಲ ಕಂಡರೆ ಓದುಗರು ಗಾಬರಿಯಾಗಬಾರದು, ಬೇಳೆ ಸಿಡಿಯುವುದಿಲ್ಲ.

ಎರಡನೆಯ ಐತಿಹಾಸಿಕ ಆಧಾರ ಭಾಲ್ಕಿಯದು. ನಿಜಾಮನ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಈ ಮಾತು ಬಂದಾಗ ಅಣಕದವನೂ ಎದ್ದು ನಿಂತು ಕೈಮುಗಿಯುವುದು ಒಳ್ಳೆಯದು. ಮುಗಿದಾಯಿತು, ಕೂರೋಣ. ಫಲಕಕ್ಕೂ ಒಳಗಿನ ಪಾಠಕ್ಕೂ ತಾಳೆಯಾಗಬೇಕಿಲ್ಲ ಎಂಬ ಸೂತ್ರವನ್ನು ಮಾತ್ರ ಅನಂತರದ ಕಾಲ ತಪ್ಪಾಗಿ ಅರ್ಥ ಮಾಡಿಕೊಂಡಿತು. 2023ರಲ್ಲಿ ಪುಸ್ತಕಗಳು ಅಚ್ಚಾಗಿ ಸಾಲಿ ಮುಟ್ಟಿದ ಮೇಲೆ, ಅದರಲ್ಲಿಯ ಇಂಥಿಂಥ ಪಾಠ ಇಲ್ಲವೆಂದು ತಿಳಿಯಿರಿ, ಇಂಥಿಂಥವು ಬೇರೆ ಕಿರುಪುಸ್ತಕದಲ್ಲಿ ಬರುತ್ತವೆ ಎಂದು ಆದೇಶ ಬಂತು. ಪುಸ್ತಕವೇ ಸಿಗದ ಹುಡುಗನಿಗೆ ಈ ಪರಿಷ್ಕರಣೆಯಿಂದ ಕಿಂಚಿತ್ತೂ ತೊಂದರೆಯಾಗಲಿಲ್ಲ. ಎಲ್ಲ ಸರಕಾರಗಳ ಎಲ್ಲ ಪಾಠಗಳೂ ಅವನಿಗೆ ಒಂದೇ.

ಇನ್ನು ಸಿದ್ಧಾಂತ ವಿಚಾರ. ಅದ್ವೈತಿಗಳ ಪ್ರಕಾರ ಆರು ವಿಷಯಕ್ಕೂ ವಸ್ತು ಒಂದೇ, ಅದರ ಹೆಸರು ಗೈಡು. ಪ್ರಶ್ನೆಯೂ ಅದೇ, ಉತ್ತರವೂ ಅದೇ, ಉಳಿದುದೆಲ್ಲ ಮಾಯೆ. ದ್ವೈತಿಗಳ ಮತದಲ್ಲಿ ಭಾಗ-1 ಮತ್ತು ಭಾಗ-2ರ ನಡುವಿನ ಭೇದ ನಿತ್ಯವಾದುದು: ಮೊದಲನೆಯದು ಜೂನಿನಲ್ಲಿ ಬರುತ್ತದೆ, ಎರಡನೆಯದು ದೇವರು ಕೊಟ್ಟಾಗ. ಶೂನ್ಯವಾದಿಗಳೆಂದರೆ ನಲಿ-ಕಲಿಯವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ, 2009-10ರಲ್ಲಿ ರಾಜ್ಯವಿಡೀ ಹರಡಿದ ಈ ದರ್ಶನದಲ್ಲಿ ಚಿಕ್ಕ ತರಗತಿಗಳಿಗೆ ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳು, ಗೋಡೆಯ ಮೇಲೆ ಕಲಿಕೆಯ ಏಣಿ. ನಿಜ ಹೇಳಬೇಕೆಂದರೆ ಇದು ಜಾಣ ಪದ್ಧತಿ. ಮಗು ತನ್ನ ಗತಿಯಲ್ಲಿ ಮೆಟ್ಟಿಲು ಹತ್ತುತ್ತದೆ. ಆದರೆ ಮಳೆಗಾಲದಲ್ಲಿ ಹದಿನಾಲ್ಕನೆಯ ಮೆಟ್ಟಿಲಿನ ಕಾರ್ಡನ್ನು ಇಲಿ ತಿಂದರೆ ಮಗು ಹದಿಮೂರರಿಂದ ಹದಿನೈದಕ್ಕೆ ಜಿಗಿಯಬೇಕೋ, ಇಲಿಗೇ ಪರೀಕ್ಷೆ ಬರೆಸಬೇಕೋ ಎಂಬ ಬಗ್ಗೆ ಶಾಸ್ತ್ರ ಮೌನವಾಗಿದೆ.

ಸ್ವಂತ ಪುಸ್ತಕದ ವಿರೋಧಿಗಳ ಬತ್ತಳಿಕೆಯಲ್ಲಿ ಅತ್ಯಂತ ಹರಿತವಾದ ಬಾಣ ತೂಕದ್ದು. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಬಾಯಿಬಿಟ್ಟದ್ದೇ ಮಕ್ಕಳ ಚೀಲದ ಭಾರಕ್ಕಾಗಿ. ಅದರ ಬೆನ್ನಿಗೆ ಬಂದ ಯಶಪಾಲ್ ಸಮಿತಿ 1993ರಲ್ಲಿ ವರದಿ ಕೊಟ್ಟು, ಹೆಗಲ ಮೇಲಿನ ಭಾರಕ್ಕಿಂತ ಅರ್ಥವಾಗದೆ ತಲೆಯಲ್ಲಿ ಕೂತ ಭಾರ ಹೆಚ್ಚು ಕೆಟ್ಟದ್ದೆಂದು ಹೇಳಿತು. ಈ ಎರಡನೆಯ ಭಾರವನ್ನು ತೂಗುವ ತಕ್ಕಡಿ ಸಿಗದ್ದರಿಂದ ನಾವೆಲ್ಲ ಮೊದಲನೆಯದನ್ನೇ ಹಿಡಿದುಕೊಂಡೆವು. ನಮ್ಮ ಸರಕಾರದ 2019ರ ಆದೇಶದಂತೆ ಒಂದು-ಎರಡನೆಯ ತರಗತಿಯ ಚೀಲ 2 ಕಿಲೋ ದಾಟಬಾರದು, ಮೂರರಿಂದ ಐದಕ್ಕೆ 3, ಆರರಿಂದ ಎಂಟಕ್ಕೆ 4, ಒಂಬತ್ತು-ಹತ್ತಕ್ಕೆ 5. ಇಲ್ಲಿಂದ ಗಣಿತ ಸರಳ. ಒಂದು ಪುಸ್ತಕಕ್ಕೆ ಇಬ್ಬರಾದರೆ ತಲೆಗೆ ಅರ್ಧ ಭಾರ, ನಾಲ್ವರಾದರೆ ಕಾಲು. ಯಾರಿಗೂ ಪುಸ್ತಕವಿಲ್ಲದ ಸಾಲಿ ಈ ಆದೇಶವನ್ನು ನೂರಕ್ಕೆ ನೂರು ಪಾಲಿಸಿದಂತೆ.

ಇದಕ್ಕೆ ಪ್ರತಿವಾದಿಗಳು ಎತ್ತುವ ತಾಟಿನ ದೃಷ್ಟಾಂತವನ್ನು ದಾಖಲಿಸದೆ ವಿಧಿಯಿಲ್ಲ. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದು ಈ ಕಡೆಯ 7 ಜಿಲ್ಲೆಗಳಲ್ಲೇ. ಅಂದಿನಿಂದ ಇಂದಿನವರೆಗೆ, ಪ್ರತಿ ಮಗುವಿಗೂ ಪ್ರತ್ಯೇಕ ತಾಟು ಬೇಕೆ, ಇಬ್ಬರಿಗೊಂದು ಸಾಲದೆ ಎಂಬ ವಿಷಯವಾಗಿ ಒಂದಾದರೂ ವಿಚಾರ ಸಂಕಿರಣ ನಡೆದದ್ದನ್ನು ನಾವು ಕೇಳಿಲ್ಲ. ದೃಷ್ಟಾಂತ ಬಲವಾಗಿದೆ. ಆದ್ದರಿಂದ ಮುಂದಿನ ವಿಷಯಕ್ಕೆ ಹೋಗೋಣ.

ಕ್ಷೇತ್ರಕಾರ್ಯ. ಇಬ್ಬರಿಗೊಂದು ಪುಸ್ತಕವಿರುವಲ್ಲಿ ನೆಲದ ಮೇಲೆ ಕೂರುವ ಭಂಗಿಗಳನ್ನು ಗಮನಿಸಬೇಕು. ಪಕ್ಕಪಕ್ಕ ಕೂತರೆ ಪುಸ್ತಕದ ನಡುಗೆರೆ ಇಬ್ಬರ ಮೊಣಕಾಲು ಕೂಡುವಲ್ಲಿ ಬರುತ್ತದೆ. ಎಡದವನಿಗೆ ಎಡಪುಟ, ಬಲದವನಿಗೆ ಬಲಪುಟ. ಹೀಗಾಗಿ ಸಮಾಜ ವಿಜ್ಞಾನದಲ್ಲಿ ಒಬ್ಬನಿಗೆ ಬಹಮನಿ ಸುಲ್ತಾನರ ಏಳಿಗೆ ಮಾತ್ರ ಗೊತ್ತು, ಇನ್ನೊಬ್ಬನಿಗೆ ಅವನತಿ ಮಾತ್ರ. ಜಗಳವಾಗಿ ಎದುರುಬದುರು ಕೂತರೆ ಒಬ್ಬ ತಲೆಕೆಳಗಾದ ಅಕ್ಷರ ಓದಲು ಕಲಿಯುತ್ತಾನೆ. ಇದು ಪಠ್ಯಕ್ರಮದಲ್ಲಿಲ್ಲದ ವಿದ್ಯೆ. ಮುಂದೆ ಅವನು ಕಚೇರಿಯಲ್ಲಿ ಸಾಹೇಬರ ಮೇಜಿನ ಮೇಲಿನ ಫೈಲನ್ನು ಈಚೆ ಕಡೆ ನಿಂತೇ ಓದಬಲ್ಲ. ಓದಿ ಮುಗಿಸಿದವನು ಪುಟ ತಿರುವುವಂತಿಲ್ಲ, ಮುಗಿಸದವನು ಮುಗಿಸಿಲ್ಲವೆಂದು ಒಪ್ಪುವಂತಿಲ್ಲ. “ಸರ್, ಇಂವ ಬುಕ್ಕು ತನ್ನ ಕಡೀನೇ ಎಳ್ಕೋಳಾಕತ್ತಾನ್ರೀ” ಎಂಬ ದೂರು ಒಂದು ಪಿರಿಯಡ್ಡಿನಲ್ಲಿ ಕೇಳಿಬಂದಷ್ಟು ಬೇರಾವ ವಾಕ್ಯವೂ ಕೇಳಿಬರುವುದಿಲ್ಲ. ಪುಸ್ತಕದೊಳಗೆ ಮರಿ ಹಾಕಲೆಂದು ಇಟ್ಟ ನವಿಲುಗರಿ ಯಾರದು, ಅದು ಮರಿ ಹಾಕಿದರೆ ಮರಿ ಯಾರ ಪಾಲು ಎಂಬುದು ಪ್ರತ್ಯೇಕ ಮಹಾಪ್ರಬಂಧದ ವಸ್ತು.

ಹಗಲಿನ ಸಮಸ್ಯೆ ಹೀಗಾದರೆ ರಾತ್ರಿಯದು ಇನ್ನೂ ಕಠಿಣ. ಪುಸ್ತಕ ಒಂದು, ಮನೆ ಎರಡು. ಸೋಮವಾರ ಇವನ ಪಾಟೀಚೀಲದಲ್ಲಿ, ಮಂಗಳವಾರ ಅವನದರಲ್ಲಿ. ಮನೆಲೆಕ್ಕ ಕೊಟ್ಟದ್ದು ಸೋಮವಾರವಾದರೆ ಮಂಗಳವಾರ ಪೆಟ್ಟು ಯಾರಿಗೆಂದು ಇಡೀ ತರಗತಿಗೆ ಮೊದಲೇ ಗೊತ್ತು. ವಾರ್ಷಿಕ ಪರೀಕ್ಷೆಯ ಮುನ್ನಾದಿನ ಈ ಸರದಿ ಕುಸಿಯುತ್ತದೆ, ಪುಸ್ತಕವನ್ನು ಹರಿದು ಪಾಲು ಮಾಡಲಾಗುತ್ತದೆ. ಒಂದು ಪುಸ್ತಕವನ್ನು ಭಾಗ-1, ಭಾಗ-2 ಎಂದು ಒಡೆಯುವ ತತ್ತ್ವದ ಕರ್ತೃತ್ವವನ್ನು ಬೆಂಗಳೂರಿನ ಪಠ್ಯಪುಸ್ತಕ ಸಂಘಕ್ಕೆ ಕೊಡುವುದು ರೂಢಿ. ಹಿಂದಿನ ಬೆಂಚಿನವರು ಇದನ್ನು ಬಹು ಹಿಂದೆಯೇ ಪರೀಕ್ಷೆಯ ಮುನ್ನಾದಿನದ ಸಂಜೆ ಕಂಡುಹಿಡಿದಿದ್ದರೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಪಾಲು ಮಾಡುವ ವಿಧಾನದಲ್ಲಿ ಸೂಕ್ಷ್ಮವಿದೆ. ಪುಸ್ತಕವನ್ನು ಸರಿಯಾಗಿ ನಡುವೆ ಹರಿದರೆ ಮೊದಲರ್ಧದವನಿಗೆ ಲುಕ್ಸಾನು, ಏಕೆಂದರೆ ಅವನ ಪಾಲಿನಲ್ಲಿ ಮುನ್ನುಡಿ, ಸಮಿತಿಯ ಸದಸ್ಯರ ಪಟ್ಟಿ, ಪರಿವಿಡಿ ಎಲ್ಲ ಸೇರಿ ಹಲವು ಹಾಳೆ ಹೋಗುತ್ತವೆ. ಅವುಗಳ ಮೇಲೆ ಒಂದಂಕದ ಪ್ರಶ್ನೆಯೂ ಬರುವುದಿಲ್ಲ. ತಿಳಿದವರು ಪಾಠ ಒಂದರಿಂದ ಎಣಿಸಿ ಹರಿಯುತ್ತಾರೆ. ಹೊಲದ ಹಿಸ್ಸೆ ನೋಡಿದ ಮನೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೂ ಅಭ್ಯಾಸದ ಪ್ರಶ್ನೆಗಳು ಒಬ್ಬನ ಕಡೆಗೆ, ಅವುಗಳ ಉತ್ತರವಿದ್ದ ಪುಟ ಇನ್ನೊಬ್ಬನ ಕಡೆಗೆ ಹೋಗುವುದು ತಪ್ಪುವುದಿಲ್ಲ. ಆ ರಾತ್ರಿ ಒಬ್ಬ ಉತ್ತರಗಳನ್ನೂ ಇನ್ನೊಬ್ಬ ಪ್ರಶ್ನೆಗಳನ್ನೂ ಬಾಯಿಪಾಠ ಮಾಡುತ್ತಾನೆ. ಫಲಿತಾಂಶದ ಪಟ್ಟಿಯಲ್ಲಿ ಬೀದರ ಜಿಲ್ಲೆ ಕೆಳಗೆ ಕಾಣಿಸಿದಾಗಲೆಲ್ಲ ಕಾರಣ ಹುಡುಕಲು ಸಭೆ ಕೂರುತ್ತದೆ, ಬಿಸ್ಕೀಟು ಬರುತ್ತದೆ.

ಉಳಿದದ್ದು ಬುಕ್ ಬ್ಯಾಂಕು. 2021ರಲ್ಲಿ ಕೊರೊನಾದ ದೆಸೆಯಿಂದ ಹೊಸ ಪುಸ್ತಕ ತಡವಾದಾಗ, ಮೇಲಿನ ತರಗತಿಗೆ ಹೋದವರಿಂದ ಹಳೆಯದನ್ನು ಇಸಿದುಕೊಂಡು ಕೆಳಗಿನವರಿಗೆ ಹಂಚಿರೆಂದು ಇಲಾಖೆ ಹೇಳಿತು. ಉಪಾಯ ಒಳ್ಳೆಯದೇ. ಹರಿದ ಪುಸ್ತಕ ವಾಪಸು ಬರುವಾಗಿನ ಸಂಗತಿಯನ್ನು ಮಾತ್ರ ಊಹಿಸಿ. ಮೊದಲರ್ಧ ಬಂತು, ಮುನ್ನುಡಿ ಸಮೇತ. ಎರಡನೆಯ ಅರ್ಧ ಇಟ್ಟುಕೊಂಡವನು ಅಪ್ಪ-ಅವ್ವನ ಹಿಂದೆ ಹೈದರಾಬಾದಿಗೆ ಹೋಗಿದ್ದಾನೆ, ಕಟ್ಟಡದ ಕೆಲಸಕ್ಕೆ. ಹೆಡ್‌ಮಾಸ್ತರರು ರಿಜಿಸ್ಟರು ತೆಗೆದರು. ಅದರಲ್ಲಿ ವಿಷಯ, ತರಗತಿ, ಸಂಖ್ಯೆ ಎಂಬ ಕಾಲಂಗಳಿವೆ. ಅರ್ಧ ಎಂದು ಬರೆದರೆ ಮೇಲಿನವರು ಕೇಳುತ್ತಾರೆ, ಸೊನ್ನೆ ಎಂದರೆ ಇನ್ನೂ ಜೋರಾಗಿ ಕೇಳುತ್ತಾರೆ. ಒಂದು ನಿಮಿಷ ಪೆನ್ನು ಮೇಲೆ ಹಿಡಿದಿದ್ದು, 1 ಎಂದು ಬರೆದು ಸಹಿ ಹಾಕಿದರು.