ಹಕ್ಕಿ ನಿಮ್ಮದು, ಕಾಳು ಯಾರದು?

ಈವ್‌ಶಮ್ ಮಠದ ಪೂಜ್ಯ ಗುರುಗಳಿಗೆ,



14ನೇ ಶತಮಾನದಲ್ಲಿ ಇಂಗ್ಲೆಂಡಿನ ವಾರ್ವಿಕ್‌ಶೈರ್ ಸೀಮೆಯ ಕಿನ್ವಾರ್ಟನ್ ಹಳ್ಳಿಯಲ್ಲಿ ನಿಮ್ಮ ಮಠದವರು ಕಟ್ಟಿಸಿದ ಪಾರಿವಾಳದ ಮನೆ ಇನ್ನೂ ಗಟ್ಟಿಯಾಗಿ ನಿಂತಿದೆ. ನಿಮ್ಮ ಮಠ ಮಾತ್ರ ಉಳಿಯಲಿಲ್ಲ. 1540ರಲ್ಲಿ ಎಂಟನೇ ಹೆನ್ರಿ ದೊರೆ ಅದನ್ನು ಮುಚ್ಚಿಸಿದ, ಜನ ಕಲ್ಲು ಕಿತ್ತು ಸಾಗಿಸಿದರು. ದೊರೆಯ ವಿರುದ್ಧ ಬಂಡೆದ್ದ ಸೈಮನ್ ಡಿ ಮಾಂಟ್‌ಫರ್ಟ್‌ನಂಥ ದೊಡ್ಡ ಮನುಷ್ಯನನ್ನು ಹೂಳಿದ ಆ ಇಗರ್ಜಿ ಇದ್ದ ಜಾಗ ಈಗ ಊರಿನ ಉದ್ಯಾನವಾಗಿದೆ. ಕೊನೆಗಾಲದಲ್ಲಿ ಗುರು ಕ್ಲೆಮೆಂಟ್ ಲಿಚ್‌ಫೀಲ್ಡ್ ಕಟ್ಟಿಸಿದ ಗಂಟೆಗೋಪುರ ಅಲ್ಲೇ ಎತ್ತರಕ್ಕೆ ನಿಂತಿದೆ. ಕಿನ್ವಾರ್ಟನ್‌ನಲ್ಲಿ ಕಂದಕದ ನಡುವೆ ಇದ್ದ ಮಠದ ಹೊಲಮನೆಯೂ ಅಳಿದುಹೋಯಿತು. ಆಳಿದವರ ಮನೆಗಳು ಹೋಗಿ ಹಕ್ಕಿಗಳ ಮನೆ ಉಳಿದಿದೆ. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಅದನ್ನು ಜತನದಿಂದ ನೋಡಿಕೊಳ್ಳುತ್ತಿದೆ.

ತಕರಾರು ಹೇಳುವ ಮೊದಲು ಕಟ್ಟಡದ ಗುಣ ಹೇಳಬೇಕು. ಅದು ಗುಂಡನೆಯ ಕಲ್ಲುಕಟ್ಟಡ. ಗೋಡೆ ಮೂರು ಅಡಿಗೂ ಮಿಕ್ಕ ದಪ್ಪ. ಬಾಗಿಲು ಕುಳ್ಳಗಿದೆ, ಬೆಳೆದವರು ಬೆನ್ನು ಬಗ್ಗಿಸಿಯೇ ಒಳಹೋಗಬೇಕು. ಆ ಬಾಗಿಲಿನ ಕಮಾನನ್ನು ನೋಡಿ. ಬುಡದಲ್ಲಿ ಒಂದು ಬಾಗು, ಮೇಲೇರುತ್ತ ಅದಕ್ಕೆ ಎದುರಾದ ಇನ್ನೊಂದು ಬಾಗು, ನೆತ್ತಿಯಲ್ಲಿ ಎರಡೂ ಕಡೆಯ ಗೆರೆಗಳು ಚೂಪಾಗಿ ಕೂಡುತ್ತವೆ. ಆ ಶತಮಾನದ ಇಗರ್ಜಿಗಳ ಕಿಟಕಿ ಬಾಗಿಲುಗಳಲ್ಲಿ ಕಾಣುವ ಕುಸುರಿ ಇದು. ನಿಮ್ಮ ಕಲ್ಲುಕುಟಿಗ ಹಕ್ಕಿಗಳ ಮನೆಗೂ ಅದೇ ಶ್ರದ್ಧೆಯಿಂದ ಉಳಿ ಹಿಡಿದಿದ್ದಾನೆ.

ಒಳಗೆ ಗೋಡೆಯ ತುಂಬ ಗೂಡುಗಳು, ಬುಡದಿಂದ ಸೂರಿನವರೆಗೆ ಸುತ್ತಲೂ ಸಾಲುಸಾಲಾಗಿ, ಐನೂರಕ್ಕೂ ಹೆಚ್ಚು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ದೀಪಕ್ಕೆಂದು ಬಿಟ್ಟ ಗೂಡು ನೆನಪಾಗುತ್ತದೆ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಗೂಡಿನ ಬಾಯಿ ಕಿರಿದು, ಒಳಗೆ ಅದು ಒಂದು ಪಕ್ಕಕ್ಕೆ ತಿರುಗಿ ಅಗಲವಾಗುತ್ತದೆ. ಕಾವಿಗೆ ಕೂತ ಹಕ್ಕಿ ಆ ತಿರುವಿನ ಮರೆಯಲ್ಲಿ ಕತ್ತಲಲ್ಲಿರುತ್ತದೆ. ಪಾರಿವಾಳ ಮೂಲತಃ ಕಡಲ ದಂಡೆಯ ಬಂಡೆ ಸಂದುಗಳಲ್ಲಿ ಮೊಟ್ಟೆಯಿಡುತ್ತಿದ್ದ ಹಕ್ಕಿ, ಅದಕ್ಕೆ ಮಬ್ಬುಗತ್ತಲೇ ಇಷ್ಟ. ಬಂಡೆಯ ಸ್ವಭಾವವನ್ನು ಗಾರೆ, ಕಲ್ಲಿನಲ್ಲಿ ತಂದು ಕೊಟ್ಟ ಮೇಲೆ ಪಂಜರ ಬೇಕಾಗಲಿಲ್ಲ. ಹಕ್ಕಿಗಳು ತಾವಾಗಿ ಹೊರಹೋಗಿ ತಾವಾಗಿ ಮರಳಿದವು. ಹೆಂಚಿನ ಮಾಡಿನ ನೆತ್ತಿಯಲ್ಲಿರುವ ಬೆಳಕಿಂಡಿಯೇ ಅವುಗಳ ಹೆಬ್ಬಾಗಿಲು. ಪಾರಿವಾಳಕ್ಕೆ ನುಸುಳಲು ಸಾಕು, ರೆಕ್ಕೆ ಹರಡಿ ಎರಗುವ ಗಿಡುಗಕ್ಕೆ ಸಾಲದು.

ಇನ್ನು ಆ ತಿರುಗುವ ಏಣಿ. ಇಂಗ್ಲಿಷರು ಅದನ್ನು ಪೊಟೆನ್ಸ್ ಅನ್ನುತ್ತಾರೆ. ಮನೆಯ ನಟ್ಟನಡುವೆ ಒಂದು ಮರದ ಕಂಬ, ಮೇಲೂ ಕೆಳಗೂ ತಿರುಗಣೆಯ ಮೇಲೆ ನಿಂತಿದೆ. ಕಂಬದಿಂದ ಗೋಡೆಯ ಕಡೆಗೆ ಚಾಚಿದ ತೋಳುಗಳು, ಅವುಗಳ ತುದಿಗೆ ಕಟ್ಟಿದ ಏಣಿ. ಏಣಿ ಹತ್ತಿದ ಆಳು ಕೆಳಗಿಳಿಯದೆ ಗೋಡೆಗೆ ಕೈಯೂರಿ ತನ್ನನ್ನು ತಾನೇ ತಳ್ಳಿಕೊಳ್ಳುತ್ತ ಸುತ್ತಲೂ ಹೋಗಬಹುದು. ಯಾವ ಗೂಡೂ ಕೈಗೆ ಎಟುಕದೆ ಉಳಿಯುವುದಿಲ್ಲ, ಸದ್ದೂ ಕಡಿಮೆ, ತಾಯಿಹಕ್ಕಿಗಳು ಬೆದರಿ ಗೂಡು ಬಿಡುವುದಿಲ್ಲ. ಮನೆ ಗುಂಡಗಿರುವುದಕ್ಕೆ ಇದೂ ಒಂದು ಕಾರಣ, ಮೂಲೆಯಿದ್ದರೆ ಏಣಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಬಹಳಷ್ಟು ಪಾರಿವಾಳದ ಮನೆಗಳಲ್ಲಿ ಈ ಮರದ ಕೆಲಸ ಕೊಳೆತು ಹಾಳಾಗಿದೆ. ನಿಮ್ಮಲ್ಲಿ ಉಳಿದಿದೆ. ಹೆರೆಫರ್ಡ್‌ಶೈರ್‌ನ ಗಾರ್ವೇಯಲ್ಲಿ ಹಾಸ್ಪಿಟಲರ್ ಎಂಬ ಕ್ರೈಸ್ತ ಪಂಗಡದವರು 1326ರಲ್ಲಿ ಕಟ್ಟಿಸಿದ, 666 ಗೂಡುಗಳ ಇನ್ನೊಂದು ಕಲ್ಲುಮನೆಯಿದೆ. ಕಟ್ಟಿದ ವರ್ಷವನ್ನು ಬಾಗಿಲ ಮೇಲೆ ಕೆತ್ತಿಸಿಕೊಂಡ ಹೆಮ್ಮೆ ಅದರದು. ಆದರೂ ಒಂದನ್ನು ಆರಿಸು ಎಂದರೆ ನಾನು ನಿಮ್ಮದನ್ನೇ ಆರಿಸುತ್ತೇನೆ.

ಆ ಏಣಿ ಇದ್ದದ್ದು ಯಾವ ಕೆಲಸಕ್ಕೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆಯಿಡುತ್ತದೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಹದಿನೇಳು ಹದಿನೆಂಟು ದಿನ ಕಾವು ಕೊಡುತ್ತವೆ. ಮರಿ ಹೊರಬಂದ ಮೇಲೆ ಮೊದಲ ದಿನಗಳಲ್ಲಿ ತಮ್ಮ ಗಂಟಲಚೀಲದಲ್ಲಿ ಊರುವ ಹಾಲಿನಂಥ ದ್ರವವನ್ನು ಎರಡೂ ಸೇರಿ ಕುಡಿಸುತ್ತವೆ. ಆ ಹಾಲಿನ ಕಸುವಿಗೆ ಮರಿ ಕಣ್ಣಿಗೆ ಕಾಣುವಂತೆ ಬೆಳೆಯುತ್ತದೆ. ನಾಲ್ಕು ವಾರದ ಹೊತ್ತಿಗೆ ತೂಕದಲ್ಲಿ ಹೆತ್ತವರ ಸಮಕ್ಕೆ ಬಂದಿರುತ್ತದೆ, ಇನ್ನೂ ಹಾರಿರುವುದಿಲ್ಲ. ರೆಕ್ಕೆಯ ಸ್ನಾಯು ಬಲಿಯುವ ಮೊದಲಿನ ಆ ಮೆತ್ತನೆ ಮಾಂಸಕ್ಕಾಗಿ ಏಣಿಯ ಮೇಲಿನ ಕೈ ಗೂಡಿನೊಳಗೆ ಹೋಗುತ್ತಿತ್ತು. ಅಷ್ಟು ಹೊತ್ತಿಗೆ ತಾಯಿ ಪಕ್ಕದ ಗೂಡಿನಲ್ಲಿ ಮುಂದಿನ ಜೋಡಿ ಮೊಟ್ಟೆಗೆ ಕೂತಿರುವುದೂ ಉಂಟು. ನಿಮ್ಮ ಪಂಥದ ಮೂಲಪುರುಷ ಸಂತ ಬೆನೆಡಿಕ್ಟ್ ಬರೆದ ನಿಯಮದಲ್ಲಿ ಕಾಯಿಲೆಯಿಂದ ಸೊರಗಿದವರ ಹೊರತು ಉಳಿದವರು ನಾಲ್ಕು ಕಾಲಿನ ಪ್ರಾಣಿಯ ಮಾಂಸ ತಿನ್ನಬಾರದು ಎಂದಿದೆ. ಎರಡು ಕಾಲಿನ ಹಕ್ಕಿಯ ಬಗ್ಗೆ ಅಲ್ಲಿ ಮಾತಿಲ್ಲ. ಆ ಮೌನವನ್ನೇ ಅಪ್ಪಣೆ ಎಂದುಕೊಂಡ ಮಠಗಳಿದ್ದವು.

ನೀವು ಮಾಂಸ ತಿಂದಿರಿ ಎಂದು ನಾನು ಜಗಳ ತೆಗೆಯುತ್ತಿಲ್ಲ. ಪಾರಿವಾಳಕ್ಕೆ ಬದಲಾಗಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗೆ ಹಾಕಿದ ಶಿಬಿ ಚಕ್ರವರ್ತಿಯ ಕಥೆ ಕೇಳಿ ಬೆಳೆದವಳು ನಾನು. ಹಾಗಂತ ಜಗತ್ತಿನ ಎಲ್ಲರೂ ಶಿಬಿಯಾಗಲಿ ಎನ್ನಲಾರೆ. ನನ್ನ ಪ್ರಶ್ನೆ ಬೇರೆ. ಸಾವಿರದಷ್ಟು ಹಕ್ಕಿಗಳಿಗೆ ದಿನವೂ ಮೇವು ಹಾಕಿದವರು ಯಾರು?

ನೀವಂತೂ ಅಲ್ಲ. ಹಿಮ ಬಿದ್ದು ಎಲ್ಲೂ ಏನೂ ಸಿಗದ ಚಳಿಗಾಲದಲ್ಲಿ ಮಠದ ಕಣಜದಿಂದ ಒಂದಿಷ್ಟು ಕಾಳು ಹೊರಬರುತ್ತಿತ್ತು. ಉಳಿದ ದಿನಗಳಲ್ಲಿ ನಿಮ್ಮ ಹಕ್ಕಿಗಳು ಬೆಳಕು ಹರಿಯುತ್ತಲೇ ಆ ಬೆಳಕಿಂಡಿಯಿಂದ ಎದ್ದು ಸುತ್ತಲಿನ ಹೊಲಗಳಿಗೆ ಇಳಿಯುತ್ತಿದ್ದವು. ಅವು ಕಳೆಯ ಬೀಜವನ್ನೂ, ಕೊಯ್ಲಾದ ಹೊಲದ ಉದುರುಗಾಳನ್ನೂ ತಿಂದವು, ನಿಜ. ಬಿತ್ತಿದ ಕಾಳನ್ನೂ ತಿಂದವು. ಯಾರ ಹೊಲ ಎಂದು ಹಕ್ಕಿ ಕೇಳುವುದಿಲ್ಲ. ಮಠದ ಹೊಲದಲ್ಲಿ ಬಿಟ್ಟಿ ದುಡಿದು, ಉಳಿದ ಹೊತ್ತಿನಲ್ಲಿ ತನ್ನ ಪಟ್ಟಿ ನೆಲಕ್ಕೆ ಬಿತ್ತಿಕೊಂಡ ಒಕ್ಕಲಿನ ಕಾಳು ಹಾಗೆ ನಿಮ್ಮ ಗೂಡು ಸೇರಿತು. ಗೊಬ್ಬರವಾದರೂ ಅವನಿಗೆ ಮರಳಿತೇ? ಪಾರಿವಾಳದ ಹಿಕ್ಕೆ ಬಹಳ ಬೆಲೆಯ ಗೊಬ್ಬರ. ಮನೆಯ ನೆಲದ ಮೇಲೆ ಬಿದ್ದದ್ದನ್ನು ಕೆರೆದು ಒಯ್ಯುವ ಹಕ್ಕು ಮನೆಯ ಒಡೆಯನದು.

ನಾನು ಬಯಲುಸೀಮೆಯವಳು. ಜೋಳ ಹಾಲುಗಾಳಾಗಿರುವಾಗ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣೆ ಬೀಸಿದ್ದೇನೆ. ಹೊತ್ತು ಮೂಡುವ ಮುಂಚೆ ಹಕ್ಕಿ ಬರುತ್ತದೆ, ಅದಕ್ಕಿಂತ ಮುಂಚೆ ನಾವು ಅಲ್ಲಿರಬೇಕು. ಒಂದು ಹಿಂಡು ಇಳಿದು ಎದ್ದರೆ ತೆನೆಯ ಒಂದು ಮಗ್ಗುಲು ಬೋಳು. ಕವಣೆಯ ಕಲ್ಲು ಹಕ್ಕಿಗೆ ತಾಗುವುದು ಅಪರೂಪ, ಆದರೆ ತಾಗಿದರೆ ನಮ್ಮನ್ನು ಯಾರೂ ದಂಡ ಕೇಳುತ್ತಿರಲಿಲ್ಲ. ನಿಮ್ಮ ಒಕ್ಕಲು ಕೂಗಿ ಓಡಿಸಬಹುದಿತ್ತು, ಅಷ್ಟೇ. ಧಣಿಯ ಪಾರಿವಾಳಕ್ಕೆ ಬಲೆ ಹಾಕಿದವನನ್ನು, ಹೊಡೆದವನನ್ನು ಧಣಿಯ ನ್ಯಾಯಕಟ್ಟೆಗೇ ಎಳೆದು ದಂಡ ಹಾಕುತ್ತಿದ್ದರು. ತನ್ನದೇ ಒಂದು ಗೂಡುಮನೆ ಕಟ್ಟಿಕೊಳ್ಳೋಣವೆಂದರೆ ಅದೂ ಇಲ್ಲ. ಪಾರಿವಾಳ ಸಾಕುವ ಹಕ್ಕು ಧಣಿಗಳಿಗೆ, ಮಠಗಳಿಗೆ, ಪಾದ್ರಿಗಳಿಗೆ ಮೀಸಲು. ಮೊಳಕೆ ಬರುವ ಮೊದಲೇ ಬಿತ್ತನೆಗಾಳು ಹೋಗುತ್ತಿರುವುದನ್ನು ಬದುವಿನ ಮೇಲೆ ನಿಂತು ನೋಡುವುದು ಹೇಗಿರುತ್ತದೆ ಎಂದು ಬಿತ್ತಿದವರಿಗೆ ಗೊತ್ತು.

ಫ್ರಾನ್ಸಿನ ರೈತರಿಗೂ ಇದು ಗೊತ್ತಿತ್ತು. 1789ರಲ್ಲಿ ದೊರೆಗೆ ಸಲ್ಲಿಸಲೆಂದು ಊರೂರಿನವರು ಬರೆಸಿದ ದೂರುಪಟ್ಟಿಗಳಲ್ಲಿ ಪಾರಿವಾಳದ ಮಾತು ಮತ್ತೆಮತ್ತೆ ಬರುತ್ತದೆ. ಆ ವರ್ಷದ ಆಗಸ್ಟ್ 4ರ ರಾತ್ರಿ ರಾಷ್ಟ್ರಸಭೆ ಪಾಳೆಯಗಾರಿಕೆಯ ಹಕ್ಕುಗಳನ್ನು ರದ್ದು ಮಾಡಲು ಹೊರಟಿತು. ಅದರ ಫಲವಾಗಿ ಬಂದ ಶಾಸನದ ಎರಡನೆಯ ಕಲಮೇ ಪಾರಿವಾಳದ ಮನೆಯ ಏಕಸ್ವಾಮ್ಯವನ್ನು ಕಿತ್ತುಹಾಕಿತು. ಊರವರು ಗೊತ್ತುಮಾಡಿದ ದಿನಗಳಲ್ಲಿ ಹಕ್ಕಿಗಳನ್ನು ಕೂಡಿಹಾಕಬೇಕು. ಆ ದಿನಗಳಲ್ಲಿ ಹೊರಗೆ ಕಂಡರೆ ಅವು ಬೇಟೆಯ ಹಕ್ಕಿಗಳಿದ್ದಂತೆ, ಯಾರು ಬೇಕಾದರೂ ತಮ್ಮ ನೆಲದಲ್ಲಿ ಹೊಡೆಯಬಹುದು. ಪಾದ್ರಿಗಳಿಗೆ ಕೊಡುವ ದಶಮಾಂಶದ ಮಾತು ಬರುವುದು ಅದಾದ ಮೇಲೆ, ಐದನೆಯ ಕಲಮಿನಲ್ಲಿ. ಹಕ್ಕಿಯ ವಿಷಯ ಕ್ಷುಲ್ಲಕ ಎನ್ನುವವರು ಆ ಕಲಮಿನ ಸಂಖ್ಯೆ ನೋಡಬೇಕು.

ಇಂಗ್ಲೆಂಡಿನಲ್ಲಿ ಅಂಥ ಒಂದು ರಾತ್ರಿ ಬರಲಿಲ್ಲ. ಹಕ್ಕು ನಿಧಾನಕ್ಕೆ ಸಡಿಲವಾಯಿತು. ನಡುವೆ ಅರಸರ ಕಣ್ಣೂ ಈ ಮನೆಗಳ ಮೇಲೆ ಬಿತ್ತು. ಹಿಕ್ಕೆ ನೆನೆದ ಮಣ್ಣಿನಿಂದ ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪು ತೆಗೆಯಬಹುದು. ಅದಕ್ಕಾಗಿ 1620ರ ದಶಕದಲ್ಲಿ ಒಂದನೇ ಚಾರ್ಲ್ಸ್ ಪಾರಿವಾಳದ ಮನೆಗಳಿಗೆ ಕಲ್ಲಿನ ನೆಲ ಹಾಸಬಾರದು, ಮಣ್ಣನ್ನೇ ಬಿಡಬೇಕು ಎಂದು ಡಂಗುರ ಹೊಡೆಸಿದ. ಕೊನೆಗೆ ಆ ಮಣ್ಣಿಗಾಗಿ ನಡೆಯುತ್ತಿದ್ದ ಅಗೆತ ತಪ್ಪಿದ್ದು ಈಸ್ಟ್ ಇಂಡಿಯಾ ಕಂಪನಿ ನಮ್ಮ ಬಿಹಾರದ ಮಣ್ಣಿನಿಂದ ತೆಗೆದ ಪೆಟ್ಲುಪ್ಪನ್ನು ಹಡಗುಗಟ್ಟಲೆ ಒಯ್ಯತೊಡಗಿದ ಮೇಲೆ. ಅಲ್ಲಿನ ಹೊರೆ ಇಳಿದು ಇಲ್ಲಿನವರ ಹೆಗಲಿಗೆ ಬಂತು.

ಇಷ್ಟು ಹಳೆಯ ಮಾತನ್ನು ಈಗ ಯಾಕೆ ಎತ್ತುತ್ತೇನೆ ಎಂದರೆ, ಇಂಥ ಮನೆಗಳ ಬಗ್ಗೆ ಇಂದಿಗೂ ಒಂದು ಸುಲಭದ ಕಥೆ ಓಡಾಡುತ್ತಿದೆ. ಚಳಿಗಾಲದಲ್ಲಿ ಬೇರೆ ಮಾಂಸ ಸಿಗದ ಬಡಕಾಲದಲ್ಲಿ ಜನರ ಹೊಟ್ಟೆ ತುಂಬಿಸಲು ಇವನ್ನು ಕಟ್ಟಿದರಂತೆ. ಜಾನ್ ಮೆಕ್‌ಕ್ಯಾನ್ ಎಂಬ ಕಟ್ಟಡ ಇತಿಹಾಸಕಾರರು ಇದನ್ನು ಅಲ್ಲಗಳೆದಿದ್ದಾರೆ. ಮರಿಗಳು ಸಿಗುತ್ತಿದ್ದದ್ದು ಮುಖ್ಯವಾಗಿ ವಸಂತದಿಂದ ಶರತ್ಕಾಲದವರೆಗೆ, ನಡುಚಳಿಗಾಲದಲ್ಲಿ ಗೂಡುಗಳು ಬಹುಮಟ್ಟಿಗೆ ಖಾಲಿ. ಅದು ಹಸಿದವರ ಊಟವಲ್ಲ, ಉಳ್ಳವರ ಊಟದ ಮೇಜಿನ ರುಚಿ. ಸುಳ್ಳು ಕಥೆ ಯಾಕೆ ಅಷ್ಟು ಸುಲಭಕ್ಕೆ ನಿಂತಿತು ಎಂಬುದೂ ನನಗೆ ಅರ್ಥವಾಗುತ್ತದೆ. ಚೆಂದದ ಕಟ್ಟಡದ ಮುಂದೆ ನಿಂತಾಗ ಕಟ್ಟಿಸಿದವರೂ ಒಳ್ಳೆಯವರಿರಲಿ ಎಂದು ಮನಸ್ಸು ಬಯಸುತ್ತದೆ. ನನ್ನ ಮನಸ್ಸೂ ಬಯಸಿತು.

ಗುರುಗಳೇ, ನಿಮ್ಮ ಮನೆಯ ಒಂದು ಕಲ್ಲೂ ಅಲುಗಾಡಬಾರದು. ಆ ಕಮಾನು, ಆ ತಿರುಗುಕಂಬ, ಆ ಐನೂರು ಚಿಲ್ಲರೆ ಗೂಡುಗಳು ಇನ್ನೂ ಆರೇಳು ನೂರು ವರ್ಷ ಇರಲಿ. ಕಟ್ಟಿದ ಕುಟಿಗ, ಬಡಗಿಯರ ಕೈಗೆ ಅದು ಸಲ್ಲಬೇಕಾದ ಗೌರವ. ನನ್ನ ಕೋರಿಕೆ ಇರುವುದು ಇಂಥ ಕಟ್ಟಡಗಳ ಬಗ್ಗೆ ಬರೆಯುವವರಲ್ಲಿ, ಕಾಯುವವರಲ್ಲಿ, ನೋಡಲು ಹೋಗುವ ನಮ್ಮವರಲ್ಲಿ. ಗೋಡೆ ಎಷ್ಟು ದಪ್ಪ, ಗೂಡು ಎಷ್ಟು ಎಂದು ಬರೆಯುವಾಗ ಇನ್ನೊಂದು ಸಾಲು ಸೇರಿಸಿ: ಈ ಹಕ್ಕಿಗಳು ಸುತ್ತಲಿನ ಒಕ್ಕಲುಗಳ ಕಾಳು ತಿಂದು ಬೆಳೆದವು, ಅವನ್ನು ಮುಟ್ಟುವ ಹಕ್ಕು ಆ ಒಕ್ಕಲುಗಳಿಗೆ ಇರಲಿಲ್ಲ.

ಇಂತಿ,
ಬಯಲುಸೀಮೆಯ ಒಬ್ಬ ರೈತನ ಮಗಳು