ಪಶ್ಚಿಮ ಬೆಂಗಳೂರಿನ ಪೂರ್ವಪಕ್ಷ

ಶಾಸ್ತ್ರ ಬರೆಯುವವನು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ಕಂಪ್ಯೂಟರ್ ಸೈನ್ಸ್ ಸೀಟು. ಪ್ರಯೋಜನ: ಕ್ಯಾಂಪಸ್ ಪ್ಲೇಸ್‌ಮೆಂಟು. ಸಂಬಂಧ: ಪ್ಲೇಸ್‌ಮೆಂಟಾದ ಮೇಲೆ ತಾನಾಗಿ ಕುದುರುತ್ತದೆ. ಇನ್ನು ಅಧಿಕಾರಿ, ಅಂದರೆ ಓದಬೇಕಾದ ಹುಡುಗ; ಅವನನ್ನು ಕೊನೆಯಲ್ಲಿ ವಿಚಾರಿಸೋಣ. ಮನೆಯಲ್ಲೂ ಹಾಗೇ ಮಾಡುತ್ತಾರೆ.

ಜ್ಞಾನಕ್ಕೆ ನಾಲ್ಕು ಪ್ರಮಾಣ ಎಂದರು ನೈಯಾಯಿಕರು. ಬಸವೇಶ್ವರನಗರದ ಹಾವನೂರು ಸರ್ಕಲ್ ಸುತ್ತಮುತ್ತ ನಾಲ್ಕೂ ಸಲೀಸಾಗಿ ಸಿಗುತ್ತವೆ. ಎದುರುಮನೆ ಮುಂದೆ ನಿಂತ ಎರಡನೇ ಕಾರು ಪ್ರತ್ಯಕ್ಷ. ಹೊಗೆಯಿದ್ದಲ್ಲಿ ಬೆಂಕಿ, ಕಾರಿದ್ದಲ್ಲಿ ಕೋಡಿಂಗು ಎಂಬುದು ಅನುಮಾನ. 'ಅವರ ಮಗನ್ನ ನೋಡಿ ಕಲಿ' ಎಂಬುದು ಉಪಮಾನ. ಶಬ್ದಪ್ರಮಾಣ ಮಾತ್ರ ವಿಜಯನಗರದ ದೊಡ್ಡಮ್ಮ. ವೀಡಿಯೊ ಕಾಲ್‌ನಲ್ಲಿ ಮುಖ ಕಾಣದಿದ್ದರೂ ಶಬ್ದ ಬರುತ್ತಲೇ ಇರುತ್ತದೆ.

ಇದೇ ಪ್ರಮಾಣಗಳಿಂದ ರಾಜಾಜಿನಗರದ ಹಿಂದಿನ ತಲೆಮಾರು ಮೆಕ್ಯಾನಿಕಲ್ಲನ್ನು ಸಾಧಿಸಿತ್ತು. ಆಗ ಎದುರುಮನೆಯವರು ಜಾಲಹಳ್ಳಿಯ ಎಚ್‌ಎಂಟಿಗೋ ಕಿರ್ಲೋಸ್ಕರ್ ಎಲೆಕ್ಟ್ರಿಕ್‌ಗೋ ಹೋಗುತ್ತಿದ್ದರು. ಕಿರ್ಲೋಸ್ಕರ್ ಇದ್ದ ಜಾಗದಲ್ಲಿ ಈಗ ಒರಾಯನ್ ಮಾಲ್. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿದ್ದು 2016ರಲ್ಲಿ. ನಮ್ಮ ಭಾವನ ಕೈಯಲ್ಲಿರುವ ವಾಚಿಗೆ ಸುದ್ದಿ ಇನ್ನೂ ಮುಟ್ಟಿಲ್ಲ, ಓಡುತ್ತಲೇ ಇದೆ. ಪ್ರಮಾಣ ಸುಳ್ಳಾಗುವುದಿಲ್ಲ, ಎದುರುಮನೆ ಬದಲಾಗುತ್ತದೆ ಅಷ್ಟೆ.

ಸಿಎಸ್‌ಇ, ಐಎಸ್‌ಇ, ಎಐಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಇವೆಲ್ಲ ಬೇರೆಬೇರೆಯೋ ಒಂದೆಯೋ ಎಂಬ ಜಟಿಲ ಪ್ರಶ್ನೆಯಲ್ಲಿ ನಾನು ಅದ್ವೈತಿ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ಸ್: ಎಲ್ಲದರೊಳಗೂ ಇರುವ ವಸ್ತು ಇದೇ, ಉಳಿದದ್ದು ಹೆಚ್ಚಿನಂಶ ನಾಮರೂಪ. ಬ್ರ್ಯಾಂಚಿನ ಹೆಸರಿಗಾಗಿ ಒಳ್ಳೆಯ ಕಾಲೇಜು ಬಿಡಬೇಡಿ. ದ್ವೈತಿಗಳು ಫೀಸಿನ ರಸೀದಿ ತೋರಿಸಿ ಭೇದವೇ ಸತ್ಯ ಎನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ದೊಡ್ಡ ಸರ್ವೀಸ್ ಕಂಪನಿಗಳು ಬಹುಪಾಲು ಜೀವನ್ಮುಕ್ತರು. ಸಿವಿಲ್, ಮೆಕ್ಯಾನಿಕಲ್ ಎಂದು ನೋಡದೆ, ಶೇ. 60 ಇದ್ದು ಬ್ಯಾಕ್‌ಲಾಗ್ ಇಲ್ಲದವರನ್ನೆಲ್ಲ ಪರೀಕ್ಷೆಗೆ ಕೂರಿಸುತ್ತವೆ.

ಇಲ್ಲಿ ಪೂರ್ವಪಕ್ಷವೆಂದರೆ ಅಕ್ಷರಶಃ ಪೂರ್ವದ ಪಕ್ಷ, ವೈಟ್‌ಫೀಲ್ಡ್. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗ ಪೂರ್ತಿಯಾಗಿ, 43.49 ಕಿ.ಮೀ. ಉದ್ದಕ್ಕೆ 37 ನಿಲ್ದಾಣ ಬಂದ ಮೇಲೆ ಈ ವಾದಕ್ಕೆ ಹಳಿಯೇ ಸಿಕ್ಕಿತು. ಕೆಂಗೇರಿ ಕಡೆಯ ಚನ್ನಸಂದ್ರದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಆ ತುದಿಯಲ್ಲಿ, ವೈಟ್‌ಫೀಲ್ಡಿಗೆ ಒಂದು ಸ್ಟಾಪ್ ಮೊದಲು, ಹೋಪ್‌ಫಾರ್ಮ್ ಚನ್ನಸಂದ್ರವಿದೆ. ನಾಲ್ಕು ವರ್ಷ ಓದಿ ಹುಡುಗ ಸಾಧಿಸುವುದು ಚನ್ನಸಂದ್ರದಿಂದ ಚನ್ನಸಂದ್ರಕ್ಕೆ. ಬೆಳಿಗ್ಗೆ ವಿಜಯನಗರದಲ್ಲಿ ಹತ್ತಿದರೆ ನಿಂತೇ ಹೋಗಬೇಕು. ಸೀಟಿನ ಕಷ್ಟ ಸಿಇಟಿಗೆ ಮುಗಿಯುವಂಥದ್ದಲ್ಲ.

ಆಪ್ಷನ್ ಎಂಟ್ರಿಯ ಕೊನೆಯ ರಾತ್ರಿ. ಅಕ್ಕ ಕಾಲೇಜ್ ಕೋಡ್ ಓದುತ್ತಿದ್ದಳು, ಭಾವ ಮೌಸ್ ಹಿಡಿದಿದ್ದರು. ಅಧಿಕಾರಿ ಅಡುಗೆಮನೆ ಕಟ್ಟೆ ಮೇಲೆ ಕೂತು ನನಗೊಂದು ಫೋಟೊ ತೋರಿಸಿದ. ಕಾಮಾಕ್ಷಿಪಾಳ್ಯದಲ್ಲಿರುವ ಅವನಪ್ಪನ ವರ್ಕ್‌ಶಾಪಿನ ಸಿಎನ್‌ಸಿ ಲೇತ್. ಅದರ ಸ್ಕ್ರೀನಿನ ಮೇಲೆ ಒಂದು ಸಾಲು: ಜಿ01 ಎಕ್ಸ್20 ಝಡ್-35 ಎಫ್0.2.

"ಈ ಝಡ್ ನಾನು ಬದಲಾಯ್ಸಿದ್ದು ಮಾಮ. ಕರೆಕ್ಟಾಗಿ ಮೂವತ್ತೈದು ಮಿಲಿಮೀಟರ್ ಟರ್ನ್ ಮಾಡ್ಕೊಡ್ತು. ಇದೂ ಕೋಡೇ ಅಲ್ವಾ?"

"ಕೋಡೇ ಕಣೋ."

"ಮತ್ತೆ ಇದು ಯಾವ ಬ್ರ್ಯಾಂಚಲ್ಲಿ ಬರತ್ತೆ?"

ಇಷ್ಟುದ್ದ ಶಾಸ್ತ್ರ ಹೇಳಿದವನಿಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಹಾಲ್‌ನಿಂದ ಶಬ್ದಪ್ರಮಾಣ ಕೇಳಿತು: "ಮೆಕ್ಯಾನಿಕಲ್ ಮಾತ್ರ ಹಾಕ್ಬೇಡ್ರಪ್ಪಾ, ಎದುರುಮನೆಯವ್ರು ಏನಂದ್ಕೋತಾರೆ!"

ಭಾವ ವಾಚು ನೋಡಿಕೊಂಡರು. "ಹನ್ನೊಂದೂವರೆ ಆಯ್ತು. ಸೇವ್ ಮಾಡ್ಬಿಡ್ತೀನಿ" ಎಂದರು.