ನಮಗ ವರ್ಶನ್ ಟೂ ಇಲ್ಲರಿ!

ಭಾರತೀಯ ಸೇನೆಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಎನಿಮಲ್ ಟ್ರಾನ್ಸ್‌ಪೋರ್ಟ್ ಎಂಬ ವಿಭಾಗವಿದೆ. ರಸ್ತೆ ಮುಗಿದ ಮೇಲೆ ಗುಂಡು, ಸೀಮೆಎಣ್ಣೆ, ಅಕ್ಕಿ, ಬೇಳೆ ಬೆಟ್ಟ ಹತ್ತುವುದು ಅದರ ಹೇಸರಗತ್ತೆಗಳ ಬೆನ್ನ ಮೇಲೆ. ಅವುಗಳಲ್ಲೊಂದು ಹಿಮಾಲಯದ ಏರುದಾರಿಯೊಂದರಲ್ಲಿ ನಮ್ಮ ಕಲ್ಪನೆಗೆ ಸಿಕ್ಕಿತು. ಇವುಗಳನ್ನು ನಡೆಸುವ ಸಿಪಾಯಿಗೆ ಡ್ರೈವರ್ ಎಂದೇ ಹೆಸರು. ಈ ಡ್ರೈವರ್ ಗೋಕಾಕದ ಕಡೆಯವನಾದ್ದರಿಂದ ಭಾಷೆಯ ತೊಡಕಾಗಲಿಲ್ಲ. ಗೊರಸಿನ ನಂಬರನ್ನು ಪ್ರಕಟಿಸಕೂಡದು ಎಂಬ ಷರತ್ತಿನ ಮೇಲೆ ಮಾತುಕತೆ ಶುರುವಾಯಿತು.

2024ನ್ನು ಸೇನೆ ‘ತಂತ್ರಜ್ಞಾನ ಅಳವಡಿಕೆಯ ವರ್ಷ’ ಎಂದು ಘೋಷಿಸಿತ್ತು. ನೀವೇನು ಅಳವಡಿಸಿಕೊಂಡಿರಿ?

ನಮ್ಮಪ್ಪ ಕತ್ತಿ, ನಮ್ಮವ್ವ ಕುದುರಿ. ನಮ್ಮ ಅಳವಡಿಕಿ ಹುಟ್ಟೂದರಾಗ ಮುಗದೈತ್ರಿ. ಮಕ್ಕಳಾಗಂಗಿಲ್ಲ, ಅಂದ್ರ ವರ್ಶನ್ ಟೂ ಬರೂ ಪ್ರಶ್ನೆನೇ ಇಲ್ಲ. ವರ್ಷಕ್ಕ ಹೆಸರಿಡೂದು ಚಲೋ ಪದ್ಧತಿ ಬಿಡ್ರಿ. ನಮಗ ಮಾತ್ರ ಹೆಸರಿಲ್ಲ, ನಂಬರ್ ಅಷ್ಟ.

ಪೆಡೋಂಗಿಗೆ ಹೆಸರಿತ್ತಲ್ಲ?

(ಕಿವಿ ನೆಟ್ಟಗಾದವು.) ಆಕಿ ನಮ್ಮ ಮನೆತನದ ಹಿರೇಳು. 1971ರ ಯುದ್ಧದಾಗ ಪಾಕಿಸ್ತಾನದವರು ಆಕಿನ್ನ ಹಿಡಕೊಂಡು ಹೋಗಿ, ಮಷೀನ್‌ಗನ್, ಮದ್ದಿನ ಪೆಟ್ಟಿಗಿ ಬೆನ್ನಿಗೆ ಹೇರಿದ್ರು. ಆಕಿ ಹೊರೆ ಸಮೇತ ತಿರುಗಿ ನಮ್ಮ ಕಡೆ ಬಂದು ನಿಂತಳು. 1992ರಾಗ ದಿಲ್ಲಿಯೊಳಗ ನೀಲಿ ಮಖಮಲ್ ಹೊದಿಸಿ ಸನ್ಮಾನ ಮಾಡಿದ್ರು. ಈಗ ವೈರಿ ನಿಮ್ಮ ಡ್ರೋನಿನ ಸಿಗ್ನಲ್ ಕೆಡಿಸಿ ಕೆಳಗಿಳಿಸಿದಾ ಅಂತ ತಿಳೀರಿ. ಅದು ಅವನ ಮಷೀನ್‌ಗನ್ ಹೊತ್ತಕೊಂಡು ವಾಪಸ್ ಬಂದದ್ದು ಎಲ್ಲೆರೆ ಕೇಳೀರೇನು?

ನಿಮ್ಮ ಜಾಗಕ್ಕೆ ರೋಬೋಟ್‌ಗಳು ಬಂದಿವೆ. 2025ರ ಜನವರಿ 15ರಂದು ಪುಣೆಯ ಸೇನಾ ದಿನದ ಪರೇಡಿನಲ್ಲಿ ಅವು ಸಾಲಾಗಿ ನಡೆದವು.

ಡ್ರೈವರನ ಮೊಬೈಲ್‌ನ್ಯಾಗ ನೋಡೇನಿ. ಹೆಜ್ಜಿ ಚಂದ ಹಾಕ್ತಾವ. ಮೈತೂಕ 51 ಕಿಲೋ, ಹೊರೂದು 10-12 ಕಿಲೋ ಅಂತಾರ. ನಾ 70 ಕಿಲೋ ಆಸುಪಾಸು ಹೊರ್ತೀನಿ. ಹಂಗಂತ ಅದನ್ನ ಆಡಿಕೊಳ್ಳಾಕ ಹೋಗಂಗಿಲ್ಲ ನಾ. ಅದಕ್ಕ ಕತ್ತಲಿನ್ಯಾಗ ಕಾಣ್ತೈತಿ. ಉಗ್ರರು ಅಡಗಿದ ಮನಿಯೊಳಗ ಮೊದಲ ಅದು ಹೋಗಲಿ, ನಮ್ಮ ಡ್ರೈವರ್ ಬ್ಯಾಡ. ನೋಡೂ ಕೆಲಸಕ್ಕ ಬಂದ ಪ್ರಾಣಿ ಅದು. ಹೊರೂ ಕೆಲಸದ ಕಾಲಂದಾಗ ಅದರ ಹೆಸರು ಬರದವರು ಒಂದ್ಸಲ ಈ ಏರು ಹತ್ತಿ ಬರಲಿ.

ಅಮೆರಿಕದವರು ಇದಕ್ಕಿಂತ ದೊಡ್ಡದನ್ನೇ ಮಾಡಿದ್ದರು.

ಹೌದ್ರಿ, ಬೋಸ್ಟನ್ ಡೈನಾಮಿಕ್ಸ್‌ನವರ ಯಂತ್ರ. 180 ಕಿಲೋ ಹೊರೂದು. ಪೆಟ್ರೋಲ್ ಇಂಜಿನ್, ಗದ್ದಲ ಬಾಳ. ವೈರಿಗೆ ದೂರದಿಂದನ ಗೊತ್ತಾಗ್ತೈತಿ ಅಂತ 2015ರ ಕೊನೀಗೆ ಮರೀನ್ ಪಡೆಯವರು ಕೈ ಬಿಟ್ರು. ಕ್ಯಾಲಿಫೋರ್ನಿಯಾದ ಬೆಟ್ಟದಾಗ ಅವರ ತರಬೇತಿ ಕೇಂದ್ರ ಐತಿ. ಅಲ್ಲಿ ಸೈನಿಕರಿಗೆ ನಮ್ಮಂಥವರ ಮ್ಯಾಲ ಹೊರೆ ಬಿಗಿಯೂದು ಕಲಿಸ್ತಾರ.

ಗದ್ದಲದ ವಿಷಯ ಬಂತು, ಅದಕ್ಕ ಹೇಳ್ತೀನಿ. ಎರಡನೇ ಮಹಾಯುದ್ಧದಾಗ ಬರ್ಮಾದ ಕಾಡಿಗೆ ಬ್ರಿಟಿಷರ ಚಿಂಡಿಟ್ ಪಡೆ ಹೊಕ್ಕಿತ್ತು. ಒದರಿದ್ರ ಜಪಾನಿಯರಿಗೆ ಸುಳಿವು ಸಿಗತೈತಿ ಅಂತ ನಮ್ಮವರ ಧ್ವನಿತಂತು ಕೊಯ್ದು ಮೂಕ ಮಾಡಿದ್ರು. ಯಂತ್ರ ಗದ್ದಲ ಮಾಡಿದ್ರ ಯೋಜನಾ ರದ್ದು. ನಾವು ಮಾಡಿದ್ರ ಗಂಟಲ ರದ್ದು. 1944ರಾಗ ನಮ್ಮವರನ್ನ ಸಾವಿರಗಟ್ಟಲೆ ವಿಮಾನ, ಗ್ಲೈಡರಿನ್ಯಾಗ ತುಂಬಿ ಅದ ಕಾಡಿನ್ಯಾಗ ಇಳಿಸಿದ್ರು. ಹಿಂಗಾಗಿ ಹಾರೂದರಾಗೂ ನಿಮ್ಮ ಡ್ರೋನಿಗೆ ನಾವು ಸೀನಿಯರ್.

ಒಟ್ಟಿನಲ್ಲಿ ಹೊಸದನ್ನು ಕಂಡರೆ ನಿಮಗಾಗದು.

ನಮಗ ಆಗೂದು ಬಿಡೂದು ಯಾರು ಕೇಳ್ತಾರ? 1939ರಾಗ ಬ್ರಿಟಿಷ್ ಸೇನಾ ಕುದುರಿ ಬಿಟ್ಟು ಎಲ್ಲಾ ಮೋಟಾರು ಮಾಡಿಕೊಂಡು ಎದೆ ಉಬ್ಬಿಸಿತ್ತು. ಫ್ರಾನ್ಸಿಗೆ ಹೋಗಿ ನಿಂತ ಮ್ಯಾಲ, ಲಾರಿ ನಡೆಯದ ಕೆಸರಿನ್ಯಾಗ ಸಾಮಾನು ಒಯ್ಯೂದು ಯಾರು ಅಂತ ಚಿಂತಿ ಬಂತು. ಹಿಂದೂಸ್ತಾನಕ್ಕ ಬುಲಾವ್. ಅದ ಡಿಸೆಂಬರಿನ್ಯಾಗ ಮುಂಬೈಯಿಂದ ಹಡಗು ಹತ್ತಿದ ನಮ್ಮ ಕಂಪನಿಗಳು ಮಾರ್ಸೆ ಬಂದರಿನ್ಯಾಗ ಇಳದ್ವು. ಮುಂದ ಡಂಕರ್ಕ್ ಬಂದರಿನಿಂದ ಸೇನಾ ಜಾಗಾ ಖಾಲಿ ಮಾಡೂ ಹೊತ್ತು ಬಂತು. ಸಿಪಾಯಿಗಳಿಗೆ ಹಡಗು ಸಿಕ್ವು. ನಮ್ಮವರು ಅಲ್ಲೇ ಉಳದ್ರು. ಆ ಸುದ್ದಿಗೆ ಯಾರೂ ವರ್ಷದ ಹೆಸರಿಡಲಿಲ್ಲ.

ಅದು ಹಳೇ ಕಾಲ. ಈಗ ಉಕ್ರೇನ್ ಯುದ್ಧ ನೋಡಿ, ಎಲ್ಲವೂ ಡ್ರೋನ್.

ಅದನ್ನ ನೋಡ್ರಿ ಅಂತೀನಿ ನಾನೂ! ಡ್ರೋನ್ ಹೆಚ್ಚಾದಷ್ಟೂ ಲಾರಿ ರಸ್ತೆಗಿಳಿಯೂದು ಕಷ್ಟ. ಇಳದ್ರ ಸುಟ್ಟು ಹೋಗ್ತೈತಿ. ಸಿಗ್ನಲ್ ಕೆಡಿಸಿದ್ರ ಡ್ರೋನ್ ಬೀಳ್ತೈತಿ ಅಂತ ಜಾಮರ್ ತಂದ್ರು. ಅದಕ್ಕ ಎದುರಾಳಿ ಡ್ರೋನಿನ ಬಾಲಕ್ಕ ಫೈಬರ್ ದಾರ ಕಟ್ಟಿ, ಗಾಳಿಪಟ ಹಾರಿಸಿದಂಗ ಕಿಲೋಮೀಟರುಗಟ್ಟಲೆ ದೂರ ಬಿಟ್ಟ. ಜಾಮರ್ ಬಾಯಿ ತಕ್ಕೊಂಡು ನಿಂತು ನೋಡಿತು. 2025ರ ಫೆಬ್ರವರಿ ಹೊತ್ತಿಗೆ ರಷ್ಯಾದ ಪಡೆ ಮುಂಚೂಣಿಗೆ ಮದ್ದು ಒಯ್ಯಾಕ ಕತ್ತಿ ತಂದಿತ್ತು. ಗಾಡಿಯೊಳಗಿನ ಇಬ್ಬರು ಸಾಯೂದಕ್ಕಿಂತ ಒಂದು ಕತ್ತಿ ಸತ್ರ ವಾಸಿ ಅನ್ನೂ ಅರ್ಥದಾಗ ಅಲ್ಲಿನ ಸಂಸದ, ಮಾಜಿ ಜನರಲ್ ವಿಕ್ಟರ್ ಸೊಬೊಲೆವ್ ಸಮರ್ಥನಾ ಕೊಟ್ರು. ನಮ್ಮಪ್ಪನ ಕಡೀ ಬಳಗಕ್ಕ ಸಿಕ್ಕ ಸರಕಾರಿ ಗೌರವ ಅದು.

ಹಾಗಾದರೆ ಈ ಹೊಸ ತಂತ್ರಜ್ಞಾನವೆಲ್ಲ ದಂಡವೇ?

ಅಲ್ರಿ, ನಾ ಎಲ್ಲಿ ಹಂಗಂದೆ? ಎಲ್-70 ಅಂತ ತೋಪು ಐತಿ. ಬೋಫೋರ್ಸಿನದು, ನನ್ನ ಅಜ್ಜಿ ಕಾಲದ ಮಾಲು. ನಿಮ್ಮ ಬೆಂಗಳೂರಿನ ಬಿಇಎಲ್‌ನವರು ಅದಕ್ಕ ಹೊಸ ಕಣ್ಣು, ಹೊಸ ಮೋಟಾರು ಕೂಡಿಸಿದ್ರು. 2025ರ ಮೇ ತಿಂಗಳಾಗ ಪಾಕಿಸ್ತಾನದ ಡ್ರೋನ್ ಹಿಂಡುಗಟ್ಟಿ ಬಂದಾಗ ಆ ಮುದುಕಿ ಅವನ್ನ ಉದುರಿಸ್ತು. ಅಗ್ಗದ ಡ್ರೋನಿಗೆ ತುಟ್ಟಿ ಕ್ಷಿಪಣಿ ಯಾಕ ಸುಡಬೇಕು? ಹಳೇ ಮೈಗೆ ಹೊಸ ಕಣ್ಣು, ಇದು ನಮ್ಮ ಮನೆತನದ್ದ ಸೂತ್ರ. ಕತ್ತಿಗೂ ಕುದುರಿಗೂ ಮದುವಿ ಮಾಡಿಸಿದವರಿಗೆ ಅದನ್ನ ಬಿಡಿಸಿ ಹೇಳಬೇಕೇನು?

ಇನ್ನ ಈಗ ಪದಾತಿ ಬೆಟಾಲಿಯನ್ನಿನ್ಯಾಗ ‘ಅಶ್ನಿ’ ಅಂತ ಡ್ರೋನ್ ಪ್ಲಟೂನ್ ಮಾಡ್ಯಾರ. ಒಳ್ಳೇದಾತು. ನಮ್ಮ ದಾರಿ ಮ್ಯಾಲ ಮುಂದ ಏನೈತಿ ಅಂತ ಅದು ನೋಡಿ ಹೇಳಿದ್ರ ನನ್ನ ಕಾಲೂ ಉಳೀತೈತಿ, ಡ್ರೈವರನ ತಲಿನೂ ಉಳೀತೈತಿ.

ಸರಕು ಸಾಗಿಸುವ ಡ್ರೋನ್‌ಗಳ ಬಗ್ಗೆ ಮಾತ್ರ ನೀವು ಬಾಯಿ ಬಿಡುತ್ತಿಲ್ಲ. ನಿಮ್ಮ ನಿಜವಾದ ಪ್ರತಿಸ್ಪರ್ಧಿ ಅವೇ ಅಲ್ಲವೇ?

(ಸ್ವಲ್ಪ ಹೊತ್ತು ಮೌನ.) ಮ್ಯಾಲ ಹೋದಂಗ ಗಾಳಿ ತೆಳು, ರೆಕ್ಕಿಗೆ ಹಿಡಿತ ಸಿಗಂಗಿಲ್ಲ. ಚಳಿಗೆ ಬ್ಯಾಟರಿ ಸೋಲ್ತೈತಿ. ಇವೆಲ್ಲಾ ಇವತ್ತಲ್ಲ ನಾಳೆ ಸುಧಾರಿಸ್ತಾವ, ಅದರ ಬಗ್ಗೆ ನನಗ ಭ್ರಮಾ ಇಲ್ಲ. ಚೀನಾ ಗಡಿಯೊಳಗ ಬಳಸಾಕ ಅಂತ 400 ಡ್ರೋನ್ ಖರೀದಿ ಮಾಡೂ ಒಪ್ಪಂದ ಇತ್ತು. ಒಳಗ ಬಿಚ್ಚಿ ನೋಡಿದ್ರ ಚೀನಾದ ಬಿಡಿಭಾಗ! 2025ರ ಫೆಬ್ರವರಿಯೊಳಗ ರದ್ದು ಮಾಡಿದ್ರು. ಯಾರ ಮ್ಯಾಲ ಕಣ್ಣಿಡಬೇಕಿತ್ತೋ ಅವರದ ಕಣ್ಣು ನಮ್ಮ ಚೀಲದಾಗ. ನನ್ನನ್ನೂ ತಪಾಸಣಾ ಮಾಡ್ರಿ ಬೇಕಾದ್ರ. ಸಿಗೂದು ಹುಲ್ಲು, ಕಡಲಿ. ಕೋಡ್ ಬರದವನು ಬ್ಯಾರೆ ದೇಶದಾಗ ಕುಂತು ನನ್ನ ಕಾಲು ನಿಲ್ಲಿಸಾಕ ಆಗಂಗಿಲ್ಲ. ನಾ ನಿಂತ್ರ ನನ್ನ ಹಟಕ್ಕ ನಿಂತೇನಿ, ಅಷ್ಟ.

ರೋಬೋಟ್ ಜೊತೆ ಒಟ್ಟಿಗೆ ಕೆಲಸ ಮಾಡಿದ ಅನುಭವ?

ಹೋದ ವಾರ ಒಂದು ಮ್ಯಾಲಿನ ಠಾಣೆಗೆ ಬಂದಿತ್ರಿ. ಚಲೋ ಹತ್ತಿತು, ನಾನ ಮೆಚ್ಚಿದೆ. ಮ್ಯಾಲ ಹೋಗಿ ಬ್ಯಾಟರಿ ಮುಗದು ಕುಂತುಬಿಡ್ತು. ಠಾಣೆಯೊಳಗ ಜನರೇಟರಿಗೆ ಹಾಕೂ ಎಣ್ಣಿ ನಾ ತರಬೇಕಿತ್ತು, ಹಿಮ ಬಿದ್ದು ನಾ ತಡ ಆಗಿದ್ದೆ. ಈಗ ಅದನ್ನ ಕೆಳಗಿಳಿಸಬೇಕು. 51 ಕಿಲೋ, ನನ್ನ ಬೆನ್ನಿಗೆ ಹೆಚ್ಚಲ್ಲ. ಆದ್ರ ಹೊರೆಚೀಟಿಯೊಳಗ ಅದನ್ನ ಸಾಮಾನು ಅಂತ ಬರೀಬೇಕೋ, ಗಾಯಾಳು ಸಿಬ್ಬಂದಿ ಅಂತ ಬರೀಬೇಕೋ ಅಂತ ನಮ್ಮ ಹೆಡ್‌ಕ್ಲಾರ್ಕ್ ಸಾಹೇಬ್ರು ಹೆಡ್‌ಕ್ವಾರ್ಟರಿಗೆ ಪತ್ರ ಹಾಕ್ಯಾರ. ಉತ್ತರ ಬಂದ ದಿನ ಹೊರಡೂದು.